ಹಲಾಲ್ ಮಾಂಸ ಸಿಗುವುದೇ ಎಂದು ಕೇಳುವ ಮುನ್ನ

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಜುಮುಅ ಮುಗಿಸಿ ಮಸೀದಿಯ ಅಂಗಳಕ್ಕಿಳಿಯುತ್ತಿದ್ದಂತೆಯೇ ಹಿರಿಯರು ನನ್ನನ್ನು ಸುತ್ತುವರಿಯುತ್ತಾರೆ. ಅವರ ಪ್ರಶ್ನೆಗಳು ಬದಲಾಗುವುದಿಲ್ಲ. ಜರ್ಮನಿಯಲ್ಲಿ ಹಲಾಲ್ ಮಾಂಸ ಸಿಗುವುದೇ? ನಮಾಝಿಗೆ ಮಸೀದಿ ಇದೆಯೇ? ಅಲ್ಲಿಗೆ ಹೋದ ನಮ್ಮ ಮಕ್ಕಳು ದೀನ್ ಉಳಿಸಿಕೊಂಡು ಮರಳುವರೇ? ಪ್ರೀತಿಯಿಂದಲೇ ಕೇಳುತ್ತಾರೆ, ನಾನೂ ವಿನಯದಿಂದಲೇ ಉತ್ತರಿಸುತ್ತೇನೆ. ಆದರೆ ಈ ಎರಡು ವರ್ಷಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆಯೊಂದಿದೆ: ಮಗನೇ, ನೀನು ಹೋದದ್ದು ಯಾವ ಹಣದಲ್ಲಿ?

ಕೇಳಿದ ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತುರ್ಕಿ ಮತ್ತು ಅರಬ್ ಅಂಗಡಿಗಳಿರುವ ಊರುಗಳಲ್ಲಿ ಹಲಾಲ್ ಮಾಂಸ ಸುಲಭವಾಗಿ ಸಿಗುತ್ತದೆ. ಎಚ್ಚರ ಬೇಕಾದದ್ದು ಮಿಠಾಯಿ ಹಾಗೂ ಮೊಸರಿನ ತಿನಿಸುಗಳ ವಿಷಯದಲ್ಲಿ, ಅವುಗಳಲ್ಲಿ ಹಂದಿಯ ಜೆಲಾಟಿನ್ ಇರಬಹುದು. ಮಸೀದಿಗಳೂ ಇವೆ, ಹೆಚ್ಚಿನವು ತುರ್ಕಿ ಸಮುದಾಯ ಕಟ್ಟಿಕೊಂಡವು. ನಿಜವಾದ ಪರೀಕ್ಷೆ ಸಮಯದ್ದು. ಉತ್ತರ ಜರ್ಮನಿಯಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕಕ್ಕೇ ಮುಳುಗುವುದರಿಂದ ಝುಹ್ರ್, ಅಸ್ರ್, ಮಗ್ರಿಬ್ ಮೂರೂ ತರಗತಿಗಳ ನಡುವೆಯೇ ಬಂದು ಹೋಗುತ್ತವೆ. ಜೂನ್‌ನಲ್ಲಿ ಸೂರ್ಯಾಸ್ತವೇ ರಾತ್ರಿ ಹತ್ತರ ಹತ್ತಿರ, ಇಶಾ ಮುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ ಫಜ್ರ್. ಕಷ್ಟವಾದರೂ ಇದು ಅಸಾಧ್ಯವಲ್ಲ. ಗ್ರಂಥಾಲಯದ ಮೆಟ್ಟಿಲಿನ ಕೆಳಗೆ ನಮಾಝ್ ಮಾಡಿದ ನನ್ನನ್ನು ಇದುವರೆಗೆ ಯಾರೂ ತಡೆದಿಲ್ಲ.

ಇನ್ನು ಕೇಳದ ಪ್ರಶ್ನೆಗೆ ಬರೋಣ. ನನಗೆ ಪರಿಚಯವಿರುವ ನಮ್ಮ ಕಡೆಯ ಹುಡುಗನೊಬ್ಬನಿದ್ದಾನೆ. ಏಜೆಂಟನೊಬ್ಬ ಅವನನ್ನು ಭಾರೀ ಶುಲ್ಕದ ಖಾಸಗಿ ಸಂಸ್ಥೆಯೊಂದಕ್ಕೆ ಸೇರಿಸಿದ. ತಂದೆ ಮನೆ ಅಡವಿಟ್ಟು ಬಡ್ಡಿಯ ಸಾಲ ತಂದರು. ಹೊರಡುವ ದಿನ ಉಸ್ತಾದರನ್ನು ಕರೆಸಿ ದುಆ ಮಾಡಿಸಿದರು, ಬಂಧುಗಳು ಖರ್ಜೂರ, ಮುಸಲ್ಲಾ ಕೊಟ್ಟು ಬೀಳ್ಕೊಟ್ಟರು. ಇಂದು ಆ ಹುಡುಗ ಕಂತು ಕಟ್ಟುವುದಕ್ಕಾಗಿ ರಾತ್ರಿಯಿಡೀ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಮುಂಜಾನೆ ಬಂದು ಮಲಗಿದರೆ ಫಜ್ರ್ ಹೋಯಿತು, ತರಗತಿಯೂ ಹೋಯಿತು. ಅವನ ನಮಾಝ್ ತಪ್ಪಿಸಿದ್ದು ಯುರೋಪಿನ ಸಂಸ್ಕೃತಿಯಲ್ಲ, ಊರಿನಲ್ಲಿ ತಂದೆ ಸಹಿ ಹಾಕಿದ ಕಾಗದ. ಆದರೂ ಊರಿನವರು ಹೇಳುವುದು ಒಂದೇ ಮಾತು: ನೋಡಿ, ಪಾಶ್ಚಾತ್ಯರ ನಾಡು ಹುಡುಗನನ್ನು ಕೆಡಿಸಿತು!

ಬಡ್ಡಿಯನ್ನು ಬಿಡದವರೊಡನೆ ಅಲ್ಲಾಹ್ ಮತ್ತು ಅವನ ಪ್ರವಾದಿಯ ಕಡೆಯಿಂದ ಯುದ್ಧಘೋಷವಿದೆ ಎಂದು ಕುರ್‌ಆನ್ ಎಚ್ಚರಿಸುತ್ತದೆ. ಇಷ್ಟು ಕಠೋರವಾದ ಮಾತನ್ನು ಮದ್ರಸದ ಮಕ್ಕಳೂ ಬಲ್ಲರು. ಹಾಗಿದ್ದೂ ಮಗನ ತಟ್ಟೆಯಲ್ಲಿರುವ ತುಂಡಿನ ಬಗ್ಗೆ ಇರುವ ಆತಂಕ ಅವನ ಪ್ರಯಾಣದ ಬುನಾದಿಯ ಬಗ್ಗೆ ನಮಗಿಲ್ಲ. ಕೇಳಿದರೆ ‘ಅನಿವಾರ್ಯ’ ಎನ್ನುತ್ತಾರೆ. ನಾನು ಮುಫ್ತಿಯಲ್ಲ, ಅನಿವಾರ್ಯತೆಯ ಗಡಿಯನ್ನು ವಿದ್ವಾಂಸರು ಹೇಳಲಿ. ನನಗೆ ಗೊತ್ತಿರುವುದು ಲೆಕ್ಕ. ಆ ಲೆಕ್ಕದ ಪ್ರಕಾರ ಬಹುಪಾಲು ಸಂದರ್ಭಗಳಲ್ಲಿ ಈ ಅನಿವಾರ್ಯತೆಯನ್ನು ನಾವೇ ಸೃಷ್ಟಿಸಿದ್ದೇವೆ.

ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ಮಾತ್ರ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ, ಬೇರೆಡೆ ಕೆಲವು ಕೋರ್ಸುಗಳಿಗೂ ಶುಲ್ಕವಿದೆ. ಉಳಿದಂತೆ ಕಟ್ಟಬೇಕಾದದ್ದು ಕೆಲವು ನೂರು ಯೂರೋಗಳ ಸೆಮಿಸ್ಟರ್ ವಂತಿಗೆ. ಮುಖ್ಯ ಹೊರೆಯೆಂದರೆ ಬ್ಲಾಕ್ಡ್ ಅಕೌಂಟ್. ವೀಸಾಕ್ಕೆ ಮೊದಲು ಒಂದು ವರ್ಷದ ಜೀವನವೆಚ್ಚವಾಗಿ 11,904 ಯೂರೋ, ಅಂದರೆ ಸುಮಾರು 12 ಲಕ್ಷ ರೂಪಾಯಿಯನ್ನು ಅದರಲ್ಲಿ ಇರಿಸಬೇಕು. ಆದರೆ ಅದು ಯಾರಿಗೂ ಕೊಟ್ಟ ಹಣವಲ್ಲ! ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಯ ಕೈಗೇ ಮರಳುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಕಾನೂನು ಅವಕಾಶ ಕೊಡುವುದರಿಂದ ಅದರಲ್ಲೊಂದು ಪಾಲನ್ನು ಉಳಿಸಲೂ ಸಾಧ್ಯ. ಪದವಿಯ ನಂತರ ಉದ್ಯೋಗ ಹುಡುಕಲು 18 ತಿಂಗಳ ವಾಸ್ತವ್ಯ ಪರವಾನಗಿಯೂ ದೊರೆಯುತ್ತದೆ.

ಹಾಗಾದರೆ ಒಂದು ಜಮಾಅತಿನ ಹನ್ನೆರಡು ಮನೆಗಳು ತಲಾ ಒಂದು ಲಕ್ಷವನ್ನು ಕರ್ಝೆ ಹಸನ್ ಆಗಿ ನೀಡಿದರೆ ಒಬ್ಬ ವಿದ್ಯಾರ್ಥಿ ಬಡ್ಡಿಯ ಸೋಂಕಿಲ್ಲದೆ ಹೊರಡಬಲ್ಲ. ದಾನ ಕೇಳುತ್ತಿಲ್ಲ, ಮರಳಿ ಬರುವ ಸಾಲ ಕೇಳುತ್ತಿದ್ದೇನೆ. ಒಂದೇ ಸಂಜೆಯ ಮದುವೆಗೆ ಇದಕ್ಕಿಂತ ಹೆಚ್ಚು ಸುರಿಯುವ ಮನೆಗಳು ಯಾವ ಜಮಾಅತಿನಲ್ಲಿ ಇಲ್ಲ? ಮಿನಾರಕ್ಕೆ ದೀಪ, ಹೊಸ ಕಮಾನು, ನೆಲಕ್ಕೆ ಮತ್ತೊಮ್ಮೆ ಗ್ರಾನೈಟ್ ಎಂದಾಗ ಹಣ ಬರುತ್ತದೆ. ವಿದ್ಯೆಗೆಂದಾಗ ಸಮಿತಿಯವರು ‘ಹುಡುಗ ಹಣ ಹಿಂದಿರುಗಿಸುವನೆಂದು ಏನು ಖಾತರಿ’ ಎನ್ನುತ್ತಾರೆ.

ಆ ಶಂಕೆ ನಿರಾಧಾರವಲ್ಲವೆಂದು ನೋವಿನಿಂದಲೇ ಒಪ್ಪುತ್ತೇನೆ. ಸಾಲ ಪಡೆದು ಹೋದ ಬಳಿಕ ಫೋನ್ ನಂಬರ್ ಬದಲಿಸಿದವರು ನಮ್ಮಲ್ಲೂ ಇದ್ದಾರೆ. ಅವರು ತಮ್ಮ ಹಿಂದೆ ಬರಬೇಕಾಗಿದ್ದ ಹತ್ತು ಮಕ್ಕಳ ದಾರಿ ಮುಚ್ಚಿದರು. ಮಯ್ಯಿತ್ ತಂದಾಗ ಅವನ ಮೇಲೆ ಸಾಲವಿದೆಯೇ ಎಂದು ಪ್ರವಾದಿ(ಸ) ವಿಚಾರಿಸುತ್ತಿದ್ದುದನ್ನು ಅವರು ಕೇಳಿಲ್ಲವೇ? ಆದರೆ ಇದಕ್ಕೂ ಕುರ್‌ಆನ್ ದಾರಿ ತೋರಿಸಿದೆ. ಅದರ ಅತ್ಯಂತ ದೀರ್ಘ ಸೂಕ್ತವೇ ಸಾಲವನ್ನು ಸಾಕ್ಷಿಗಳೊಡನೆ ಬರೆದಿಡುವುದರ ಕುರಿತಾದದ್ದು. ಬರೆಯಿರಿ, ಸಹಿ ಮಾಡಿಸಿರಿ, ತಂದೆಯನ್ನೂ ಹೊಣೆಗಾರನನ್ನಾಗಿಸಿರಿ.

ಹೊರಡಲಿರುವ ತಮ್ಮ ತಂಗಿಯರಿಗೂ ಕೆಲವು ಮಾತು. ಏಜೆಂಟನ ಕಚೇರಿಗೆ ಹೋಗುವ ಮೊದಲು ವಿಶ್ವವಿದ್ಯಾನಿಲಯದ ಜಾಲತಾಣವನ್ನು ನೀವೇ ಓದಿರಿ. ಅರ್ಜಿ ತುಂಬುವುದು ನೀವಂದುಕೊಂಡಷ್ಟು ಕಷ್ಟವಲ್ಲ. ಭಾರತೀಯರಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ, ಅದಕ್ಕೆ ಸಮಯ ಹಿಡಿಯುವುದರಿಂದ ಮೊದಲೇ ಆರಂಭಿಸಿರಿ. ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಶುಲ್ಕವನ್ನೂ ಭರಿಸಿ ತಿಂಗಳಿಗೆ 1,400 ಯೂರೋ ಕೊಡುತ್ತದೆ. ಅದನ್ನು ಪ್ರಯತ್ನಿಸದೆ ತಂದೆಯ ಮನೆಪತ್ರಕ್ಕೆ ಕೈಹಾಕಬೇಡಿರಿ. ಹೊರಡುವ ಹಿಂದಿನ ವರ್ಷವೇ ಜರ್ಮನ್ ಭಾಷೆ ಕಲಿಯಿರಿ. ಭಾಷೆ ಬಾರದವನಿಗೆ ಸಿಗುವುದು ಗೋದಾಮಿನ ರಾತ್ರಿಪಾಳಿಯೇ. ಈ ವರ್ಷ ಹಣ ಕೂಡದಿದ್ದರೆ ಮುಂದಿನ ವರ್ಷ ಹೋಗಿರಿ.

ನಾನೂ ಒಂದು ವರ್ಷ ತಡವಾಗಿಯೇ ಹೋದವನು. ಏಳು ಮಂದಿ ಸೇರಿ ನನ್ನನ್ನು ಕಳುಹಿಸಿದರು. ಅವರ ಹೆಸರು, ಮೊತ್ತ, ಇಬ್ಬರು ಸಾಕ್ಷಿಗಳ ಸಹಿ ಇರುವ ಹಾಳೆ ನನ್ನ ಪಾಸ್‌ಪೋರ್ಟಿನ ಜೊತೆಗಿದೆ. ಐವರದ್ದು ತೀರಿದೆ. ಉಳಿದ ಇಬ್ಬರಲ್ಲಿ ಒಬ್ಬರು ಕಳೆದ ರಮಝಾನಿನಲ್ಲಿ ಅಲ್ಲಾಹನೆಡೆಗೆ ಮರಳಿದರು. ಅವರ ಪಾಲನ್ನು ಈ ಅಕ್ಟೋಬರಿನೊಳಗೆ ವಾರಸುದಾರರ ಕೈಗೆ ತಲುಪಿಸಬೇಕಾಗಿದೆ.