ಹಳೆಯ ಗಾಡಿಯೂ ದೊಡ್ಡ ಗಾಡಿಯೂ

ಪಟ್ಟಣವಾಸಿಗಳಾದ ಮಧ್ಯಮ ವರ್ಗದ ಗೃಹಸ್ಥರಿಗೆ ಮನೆ ಕಟ್ಟಿಸುವುದು, ಮಕ್ಕಳ ಮದುವೆ ಮಾಡುವುದು ಇವೆರಡನ್ನು ಬಿಟ್ಟರೆ ಒಮ್ಮೆಲೇ ಹೆಚ್ಚಿನ ಹಣ ಕೈಬಿಡುವ ಪ್ರಸಂಗವೆಂದರೆ ಮೋಟಾರು ಗಾಡಿಯನ್ನು ಕೊಳ್ಳುವುದೇ ಆಗಿದೆ. ಹೀಗಿದ್ದರೂ ಮನೆಯ ವಿಷಯದಲ್ಲಿ ಹತ್ತು ಜನರನ್ನು ವಿಚಾರಿಸುವವರು ಗಾಡಿಯ ವಿಷಯದಲ್ಲಿ ಗಾಜಿನ ಮಳಿಗೆಯೊಳಗೆ ಹೊಳೆಯುವ ಬಣ್ಣವನ್ನು ಕಂಡು ಒಂದೇ ಮಧ್ಯಾಹ್ನದಲ್ಲಿ ತೀರ್ಮಾನಿಸಿಬಿಡುವರು. ಅದರಲ್ಲಿಯೂ ಮನೆಯಲ್ಲಿ ಹಳೆಯ ಗಾಡಿಯೊಂದಿದ್ದು, ಅದು ಇನ್ನೂ ಚೆನ್ನಾಗಿ ನಡೆಯುತ್ತಿದ್ದು, ಮನೆಮಂದಿಗೆಲ್ಲ ಅದರ ಮೇಲೆ ಮಮತೆಯೂ ಇರುವಾಗ, ಅದನ್ನು ಕೊಟ್ಟು ಅದಕ್ಕಿಂತ ದೊಡ್ಡದನ್ನು ತರಬೇಕೋ ಬೇಡವೋ ಎಂಬ ಪ್ರಶ್ನೆ ಸುಲಭವಾದುದಲ್ಲ. ಧಾರವಾಡದ ನಮ್ಮ ಮಿತ್ರರಾದ ವಕೀಲರೊಬ್ಬರು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದ್ದಾರೆ. ಅವರ ಸ್ಥಿತಿಯಲ್ಲಿರುವವರು ನಾಡಿನಲ್ಲಿ ಸಾವಿರಾರು ಮಂದಿ ಇರುವುದರಿಂದ ಇಲ್ಲಿಯೇ ಅದನ್ನು ಚರ್ಚಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಮಿತ್ರರ ಗಾಡಿ ೨೦೧೧ರಲ್ಲಿ ಕೊಂಡ ಮಹೀಂದ್ರ ಸ್ಕಾರ್ಪಿಯೋ. ಹಿಂಬದಿಯಲ್ಲಿ ಎದುರುಬದುರಾಗಿ ಅಡ್ಡ ಕೂಡುವ ಬೆಂಚುಗಳುಳ್ಳ, ಒಂಬತ್ತು ಆಸನಗಳ ಮಾದರಿ. ಕೋರ್ಟಿಗೂ, ಕಲಘಟಗಿಯ ಕಡೆಗಿರುವ ಹೊಲಕ್ಕೂ, ವರ್ಷಕ್ಕೊಮ್ಮೆ ಉಳವಿಯ ಜಾತ್ರೆಗೂ ಅದೇ ಗಾಡಿ. ಮಕ್ಕಳು ಅದರಲ್ಲಿಯೇ ಶಾಲೆಗೆ ಹೋಗಿ ದೊಡ್ಡವರಾದರು. ಮನೆಯ ಹಿರಿಯರನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದೂ ಅದರಲ್ಲಿಯೇ. ಈಗ ನೋಂದಣಿಯ ಹದಿನೈದು ವರ್ಷಗಳ ಅವಧಿ ಮುಗಿಯುತ್ತ ಬಂದಿದೆ. ಅದನ್ನು ನವೀಕರಿಸಬೇಕೇ, ಅಥವಾ ಅದೇ ಮನೆತನದ ದೊಡ್ಡ ಗಾಡಿಯಾದ ಸ್ಕಾರ್ಪಿಯೋ-ಎನ್ ಅನ್ನು ತರಬೇಕೇ ಎಂಬುದು ಅವರ ಸಂದಿಗ್ಧ.

ಈ ಗಾಡಿಯ ಮೇಲೆ ಜನರಿಗಿರುವ ಅಭಿಮಾನ ನಿಷ್ಕಾರಣವಾದುದಲ್ಲ. ೧೯೪೫ರಲ್ಲಿ ಮಹೀಂದ್ರ ಸೋದರರಿಬ್ಬರು ಮಲಿಕ್ ಗುಲಾಂ ಮಹಮ್ಮದರೊಡನೆ ಸೇರಿ ಸ್ಥಾಪಿಸಿದ ಸಂಸ್ಥೆಯಿದು. ದೇಶವಿಭಜನೆಯಾದ ಮೇಲೆ ಗುಲಾಂ ಮಹಮ್ಮದರು ಪಾಕಿಸ್ತಾನದ ಮೊದಲನೆಯ ಅರ್ಥಸಚಿವರಾದರು. ಸಂಸ್ಥೆಯ ಹೆಸರು ೧೯೪೮ರಲ್ಲಿ ಬದಲಾಯಿತು. ಅಮೆರಿಕದ ವಿಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಿ ಮಾರುತ್ತಿದ್ದವರು, ೨೦೦೨ರಲ್ಲಿ ಪವನ್ ಗೋಯೆಂಕಾ ಅವರ ಮುಂದಾಳುತನದಲ್ಲಿ ನಮ್ಮ ದೇಶದ ಎಂಜಿನಿಯರುಗಳೇ ರೂಪಿಸಿದ ಸ್ಕಾರ್ಪಿಯೋವನ್ನು ಹೊರತಂದರು. ಆ ಕಾಲಕ್ಕೆ ಅದೊಂದು ಸಾಹಸವೇ ಸರಿ. ಇದರಿಂದ ಹುಟ್ಟಿದ ಅಭಿಮಾನ ಗೌರವಾರ್ಹವಾದುದು. ಆದರೆ ಅಭಿಮಾನದಿಂದ ಬ್ರೇಕು ಹಿಡಿಯುವುದಿಲ್ಲ.

ದೊಡ್ಡದು ಎಂಬ ಮಾತನ್ನು ಮೊದಲು ಅಳೆದು ನೋಡೋಣ. ೨೦೨೨ರಲ್ಲಿ ಬಂದ ಸ್ಕಾರ್ಪಿಯೋ-ಎನ್ ೪೬೬೨ ಮಿಲಿಮೀಟರು ಉದ್ದ, ೧೯೧೭ ಮಿಲಿಮೀಟರು ಅಗಲವಿದೆ. ಹಳೆಯದಕ್ಕಿಂತ ಉದ್ದದಲ್ಲಿ ಸುಮಾರು ಎಂಟೊಂಬತ್ತು ಅಂಗುಲ, ಅಗಲದಲ್ಲಿ ಸುಮಾರು ನಾಲ್ಕು ಅಂಗುಲ ಹೆಚ್ಚು. ಎತ್ತರದಲ್ಲಿ ಮಾತ್ರ ಕೆಲವು ಅಂಗುಲ ಕಡಮೆ. ನಾಲ್ಕು ಅಂಗುಲವೆಂದರೇನು ಮಹಾ ಎನ್ನುವವರು ಸಂಜೆಯ ಹೊತ್ತಿನಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ, ಧಾರವಾಡದ ಲೈನ್ ಬಜಾರಿನಲ್ಲಾಗಲಿ ಎದುರು ಬರುವ ಆಟೋಗೆ ದಾರಿ ಬಿಟ್ಟುಕೊಡುವ ಪ್ರಯತ್ನ ಮಾಡಿ ನೋಡಬೇಕು. ಇನ್ನೊಂದು ವಿಚಿತ್ರವೆಂದರೆ, ಹಳೆಯ ಗಾಡಿಯಲ್ಲಿ ಒಂಬತ್ತು ಮಂದಿ ಕೂಡುತ್ತಿದ್ದರು. ದೊಡ್ಡ ಗಾಡಿಯಲ್ಲಿ ಆರು ಅಥವಾ ಏಳು ಮಂದಿಗೆ ಮಾತ್ರ ಸ್ಥಳ. ಹಿಂದಿನ ಸಾಲಿನಲ್ಲಿಯೂ ಜನ ಕೂತರೆ ಸಾಮಾನಿಗೆ ಉಳಿಯುವ ಜಾಗ ಅತ್ಯಲ್ಪ. ಗಾಡಿ ಬೆಳೆದಿದೆ, ಅದರ ಹೊಟ್ಟೆ ಬೆಳೆದಿಲ್ಲ. ಉಳವಿಗೆ ಇಡೀ ಮನೆತನವನ್ನು ತುಂಬಿಕೊಂಡು ಹೋಗುವ ಆಸೆಯಿಂದ ಇದನ್ನು ಕೊಳ್ಳುವವರು ಈ ಒಂದು ಸಂಗತಿಯನ್ನು ಮರೆಯತಕ್ಕದ್ದಲ್ಲ.

ಇನ್ನು ಹಣದ ಮಾತು. ಲೆಕ್ಕದ ಸೌಕರ್ಯಕ್ಕಾಗಿ ಮಳಿಗೆಯ ಬೆಲೆ ೧೮ ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ೨೦೨೫ರ ಸೆಪ್ಟಂಬರ್ ೨೨ರವರೆಗೆ ಇಂಥ ಗಾಡಿಗಳ ಮೇಲೆ ಸರಕು-ಸೇವಾ ತೆರಿಗೆಯೂ ಪರಿಹಾರ ಸೆಸ್ಸೂ ಕೂಡಿ ನೂರಕ್ಕೆ ೫೦ರಷ್ಟಿತ್ತು. ಅಂದಿನಿಂದ ಅದು ನೂರಕ್ಕೆ ೪೦ಕ್ಕೆ ಇಳಿದಿದೆ. ಆದಕಾರಣ ಈಗ ಕೊಳ್ಳುವುದೇ ಲಾಭವೆಂದು ಮಾರುವವರು ಹೇಳುತ್ತಾರೆ. ಇಳಿದ ಮೇಲೆಯೂ ಆ ೧೮ ಲಕ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಹಣ ತೆರಿಗೆಯೇ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದವರೆಗಿನ ಗಾಡಿಗಳಿಗೆ ಅದು ನೂರಕ್ಕೆ ೧೭. ಎಂದರೆ ಮತ್ತೆ ಮೂರು ಲಕ್ಷಕ್ಕೆ ಮೇಲ್ಪಟ್ಟು. ಒಟ್ಟು ಎಂಟು ಲಕ್ಷ ರೂಪಾಯಿ ಗಾಡಿಗಲ್ಲ, ಖಜಾನೆಗೆ. ೧೫ ಲಕ್ಷ ಸಾಲವೆತ್ತಿ ನೂರಕ್ಕೆ ೯ರ ಬಡ್ಡಿಯಂತೆ ಐದು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು ೩೧ ಸಾವಿರ. ಬಡ್ಡಿಯ ಬಾಬ್ತು ಒಟ್ಟು ಮೂರೂವರೆ ಲಕ್ಷಕ್ಕೂ ಮಿಕ್ಕುತ್ತದೆ. ಇತ್ತ ಹಳೆಯ ಗಾಡಿಯ ನೋಂದಣಿ ನವೀಕರಣಕ್ಕೆ ೨೦೨೨ರ ಏಪ್ರಿಲಿನಿಂದ ಕೇಂದ್ರ ಸರಕಾರ ಗೊತ್ತುಮಾಡಿದ ಶುಲ್ಕ ೫೦೦೦ ರೂಪಾಯಿ. ಅದರ ಜತೆಗೆ ರಾಜ್ಯದ ಹಸಿರು ತೆರಿಗೆ. ಅಷ್ಟಕ್ಕೆ ಐದು ವರ್ಷ. ಹಳೆಯ ಗಾಡಿಯ ರಿಪೇರಿಗೆ ವರ್ಷಕ್ಕೊಂದು ಲಕ್ಷ ಸುರಿದರೂ ಅದು ಹೊಸದರ ನಾಲ್ಕು ಕಂತುಗಳಷ್ಟಾಗದು. ಹಣವೊಂದನ್ನೇ ನೋಡುವುದಾದರೆ ಚರ್ಚೆ ಇಲ್ಲಿಗೇ ಮುಗಿಯಬೇಕು.

ಹಳೆಯದರ ಪಕ್ಷದಲ್ಲಿ ಇನ್ನೂ ಒಂದು ಮಾತಿದೆ. ಅದರ ಎಂಜಿನನ್ನು ಬಲ್ಲ ಮೇಸ್ತ್ರಿಗಳು ನಮ್ಮ ತಾಲ್ಲೂಕಿನ ಊರುಗಳಲ್ಲಿಯೂ ಇದ್ದಾರೆ. ಶಬ್ದ ಕೇಳಿಯೇ ದೋಷವನ್ನು ಗುರುತಿಸುತ್ತಾರೆ, ಬಿಡಿಭಾಗಗಳು ಸಲೀಸಾಗಿ ದೊರೆಯುತ್ತವೆ. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್. ೬ನೆಯ ಮಾನದಂಡದ ಡೀಸೆಲ್ ಗಾಡಿಗಳಾದರೋ ಬೇರೆ ಜಾತಿಯವು. ಅವುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜಾಲರಿಯೊಂದಿದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ ಹೊಗೆ ಚೆನ್ನಾಗಿ ಬಿಸಿಯಾಗಬೇಕು. ಮನೆಯಿಂದ ಕೋರ್ಟಿಗೆ ಎರಡು ಮೈಲಿ, ಕೋರ್ಟಿನಿಂದ ಮನೆಗೆ ಎರಡು ಮೈಲಿ ಎಂದು ಓಡಾಡುವವರಿಗೆ ಆ ಜಾಲರಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುವುದು ಅಪರೂಪವಲ್ಲ. ಊರೊಳಗೇ ತಿರುಗುವವನಿಗೆ ಹೊಸ ಡೀಸೆಲ್ ಗಾಡಿ ಸಲ್ಲದು. ಮಳಿಗೆಯಲ್ಲಿ ಈ ಮಾತನ್ನು ಹೇಳುವವರು ಕಡಮೆ.

ಇಷ್ಟೆಲ್ಲ ಇದ್ದೂ ನಾವು ಹಳೆಯದನ್ನೇ ಇಟ್ಟುಕೊಳ್ಳಿರೆಂದು ನಿಶ್ಚಿಂತೆಯಿಂದ ಹೇಳಲಾರೆವು. ಅದಕ್ಕೆ ಕಾರಣ ಪ್ರಾಣರಕ್ಷಣೆಯ ಪ್ರಶ್ನೆ. ೨೦೧೬ರ ಮೇ ತಿಂಗಳಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗಿಲ್ಲದ ಸ್ಕಾರ್ಪಿಯೋವನ್ನು ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಒಂದು ನಕ್ಷತ್ರವೂ ದೊರೆಯಲಿಲ್ಲ. ಅದಕ್ಕೂ ಹಿಂದಿನ ಗಾಡಿ ಅದಕ್ಕಿಂತ ಗಟ್ಟಿಯೆಂದು ನಂಬಲು ನಮಗೆ ಆಧಾರ ಕಾಣದು. ಕಬ್ಬಿಣ ದಪ್ಪ, ಚಾಸಿ ಬಲ, ಎತ್ತಿನಂಥ ಗಾಡಿ ಎಂದು ನಾವೆಲ್ಲರೂ ಹೊಗಳುವುದುಂಟು. ಆದರೆ ಡಿಕ್ಕಿಯ ಕ್ಷಣದಲ್ಲಿ ಗಾಡಿಯ ಮುಂಭಾಗ ಕ್ರಮವಾಗಿ ಕುಗ್ಗಿ ಪೆಟ್ಟನ್ನು ನುಂಗಬೇಕು, ಒಳಗಿನ ಗೂಡು ಮಾತ್ರ ಕುಗ್ಗಬಾರದು. ದಪ್ಪ ಕಬ್ಬಿಣ ತಾನು ಬಾಗದೆ ಪೆಟ್ಟನ್ನು ಒಳಗೆ ಕೂತವರಿಗೆ ದಾಟಿಸಿದರೆ ಅದರಿಂದ ಏನು ಪುರುಷಾರ್ಥ? ಚಾಲಕನ ಏರ್‌ಬ್ಯಾಗು ನಮ್ಮ ದೇಶದಲ್ಲಿ ಕಡ್ಡಾಯವಾದದ್ದೇ ೨೦೧೯ರ ಜುಲೈಯಲ್ಲಿ. ಪಕ್ಕದವನಿಗೂ ಅದು ಎಲ್ಲ ಗಾಡಿಗಳಲ್ಲಿ ಕಡ್ಡಾಯವಾದದ್ದು ೨೦೨೨ರ ಜನವರಿಯಿಂದ. ಹೀಗಾಗಿ ೨೦೧೧ರ ಸಾಮಾನ್ಯ ದರ್ಜೆಯ ಗಾಡಿಯಲ್ಲಿ ಅವನ್ನು ನಿರೀಕ್ಷಿಸುವಂತಿಲ್ಲ. ಅಡ್ಡ ಬೆಂಚುಗಳ ಸ್ಥಿತಿ ಇನ್ನೂ ಕಠಿಣ. ಮುಂದಕ್ಕೆ ಓಡುವ ಗಾಡಿ ಥಟ್ಟನೆ ನಿಂತರೆ ಪಕ್ಕಕ್ಕೆ ಮುಖ ಮಾಡಿ ಕೂತವರನ್ನು ತಡೆಯುವಂಥದು ಅಲ್ಲೇನೂ ಇಲ್ಲ. ನಾವು ಸಾಮಾನ್ಯವಾಗಿ ಅಲ್ಲಿ ಕೂಡಿಸುವುದಾದರೂ ಮಕ್ಕಳನ್ನೇ.

ಹೊಸದರ ಪರೀಕ್ಷೆಯ ಫಲವೇನು? ೨೦೨೨ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ ಸ್ಕಾರ್ಪಿಯೋ-ಎನ್‌ಗೆ ದೊಡ್ಡವರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರಗಳನ್ನು ಕೊಟ್ಟಿತು. ಇದು ದೊಡ್ಡ ಜಿಗಿತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮರುವರ್ಷ ಆಸ್ಟ್ರೇಲಿಯದ ಪರೀಕ್ಷಕರು ತಮ್ಮ ಅಳತೆಗೋಲಿನಿಂದ ಇದೇ ಗಾಡಿಯನ್ನು ಅಳೆದು ಸೊನ್ನೆ ಕೊಟ್ಟರು. ಅಪಘಾತವನ್ನು ಮುಂಚಿತವಾಗಿ ತಪ್ಪಿಸುವ ಉಪಕರಣಗಳು ಅದರಲ್ಲಿಲ್ಲವೆಂಬುದು ಮುಖ್ಯ ಆಕ್ಷೇಪ. ಅಲ್ಲದೆ ಗಾಡಿ ಹೊರಬಂದಾಗ ಮೇಲಿನ ದರ್ಜೆಯಲ್ಲಿ ಆರು ಏರ್‌ಬ್ಯಾಗುಗಳಿದ್ದರೆ ಕೆಳಗಿನ ದರ್ಜೆಯಲ್ಲಿ ಎರಡೇ ಇದ್ದವು. ನಕ್ಷತ್ರ ನೋಡಿ ಮರುಳಾಗದೆ, ತಾನು ಕೊಳ್ಳುವ ದರ್ಜೆಯಲ್ಲಿ ಏನೇನಿದೆ ಎಂದು ಕಾಗದದ ಮೇಲೆ ಬರೆಯಿಸಿಕೊಳ್ಳುವುದು ವಿವೇಕ.

ಮಿತ್ರರ ಮಗಳು ಬೆಳಗಾವಿಯಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದಾಳೆ. ತಿಂಗಳಿಗೆರಡು ಸಲ ತಾಯಿ-ತಂದೆಗಳಲ್ಲೊಬ್ಬರು ಈ ಹಳೆಯ ಗಾಡಿಯಲ್ಲಿಯೇ ಅವಳನ್ನು ಕರೆತಂದು ಬಿಟ್ಟುಬರುತ್ತಾರೆ. ಪುಣೆ-ಬೆಂಗಳೂರು ಹೆದ್ದಾರಿಯ ಸ್ವರೂಪ ನಮ್ಮ ವಾಚಕರಿಗೆ ಗೊತ್ತಿಲ್ಲದ್ದಲ್ಲ. ಹುಬ್ಬಳ್ಳಿ-ಧಾರವಾಡಗಳ ಬೈಪಾಸು ವರ್ಷಾನುಗಟ್ಟಲೆ ಎರಡೇ ಪಥಗಳ ರಸ್ತೆಯಾಗಿದ್ದುದರ ಫಲವನ್ನು, ೨೦೨೧ರ ಜನವರಿಯಲ್ಲಿ ಇಟಗಟ್ಟಿಯ ಬಳಿ ಗೋವೆಗೆ ಹೊರಟಿದ್ದ ದಾವಣಗೆರೆಯ ಮಹಿಳೆಯರು ಪ್ರಾಣ ತೆತ್ತಾಗ, ನಾಡೆಲ್ಲ ಕಂಡಿದೆ. ಎದುರಿನಿಂದ ಬರುವ ಟಿಪ್ಪರು ನಮ್ಮ ಮಮತೆಯನ್ನು ವಿಚಾರಿಸುವುದಿಲ್ಲ. ತಿಂಗಳಿಗೆರಡು ಸಲದ ಈ ಪ್ರಯಾಣವೇ ಮಿತ್ರರ ಪ್ರಶ್ನೆಯ ತಿರುಳು. ಕೋರ್ಟು, ಹೊಲ, ಜಾತ್ರೆ ಇವೆಲ್ಲ ಬದಿಯ ಸಂಗತಿಗಳು.

ಹೊಗೆಯ ವಿಷಯವಾಗಿ ಎರಡು ಮಾತು. ಹಳೆಯ ಡೀಸೆಲ್ ಗಾಡಿ ಹೊಸದಕ್ಕಿಂತ ಹೆಚ್ಚು ಮಸಿಯುಗುಳುತ್ತದೆಂಬುದು ನಿರ್ವಿವಾದ. ನೆರೆಯವರ ಮಕ್ಕಳೂ ಅದೇ ಗಾಳಿಯನ್ನು ಸೇವಿಸುತ್ತಾರೆ. ಆದರೆ ಹತ್ತು ವರ್ಷದ ಡೀಸೆಲ್ ಗಾಡಿಯನ್ನು ನಿಲ್ಲಿಸಬೇಕೆಂದು ೨೦೧೮ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ನಿರ್ಬಂಧ ದಿಲ್ಲಿ ಪ್ರದೇಶಕ್ಕೆ ಸಂಬಂಧಿಸಿದ್ದು. ಅದನ್ನು ತೋರಿಸಿ ಇಲ್ಲಿನವರನ್ನು ಹೆದರಿಸಿ ಹಳೆಯ ಗಾಡಿಯನ್ನು ಅರ್ಧ ಬೆಲೆಗೆ ಕಸಿಯುವ ದಲ್ಲಾಳಿಗಳ ಮಾತಿಗೆ ಯಾರೂ ಕಿವಿಗೊಡಬೇಕಾಗಿಲ್ಲ.

ಇಷ್ಟರ ಮೇಲೆ ನಮ್ಮ ಅಭಿಪ್ರಾಯವನ್ನು ಹೇಳುತ್ತೇವೆ. ಗಟ್ಟಿಯಾದ ಗೂಡು ಬೇಕೆಂಬುದು ಒಂದು ವಿಷಯ, ದೊಡ್ಡ ಗಾಡಿ ಬೇಕೆಂಬುದು ಇನ್ನೊಂದು. ಇವೆರಡನ್ನು ಗಂಟು ಹಾಕಿ ಮಾರುವುದು ವ್ಯಾಪಾರಿಯ ಜಾಣತನ. ಬಿಡಿಸಿ ನೋಡುವುದು ಕೊಳ್ಳುವವನ ಕೆಲಸ. ಗ್ಲೋಬಲ್ ಎನ್‌ಕ್ಯಾಪ್‌ನಿಂದ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಗಾಡಿ, ೨೦೧೮ರಲ್ಲಿ, ನಾಲ್ಕು ಮೀಟರಿಗೂ ಕಡಮೆ ಉದ್ದದ ಟಾಟಾ ನೆಕ್ಸಾನ್. ಆ ಅಳತೆಯೊಳಗಿನ ಚಿಕ್ಕ ಎಂಜಿನಿನ ಗಾಡಿಗಳ ಮೇಲೆ ಈಗ ತೆರಿಗೆ ನೂರಕ್ಕೆ ೧೮ ಮಾತ್ರ, ೪೦ ಅಲ್ಲ. ಮಿತ್ರರ ಮನೆಯಲ್ಲಿ ನಿತ್ಯ ಓಡಾಡುವವರು ನಾಲ್ವರು. ಅವರು ಇಂಥದೊಂದು ಚಿಕ್ಕ ಗಾಡಿಯನ್ನು ಬೆಳಗಾವಿಯ ದಾರಿಗೆಂದು ಕೊಂಡು, ಹಳೆಯದನ್ನು ಹೊಲಕ್ಕೂ ಊರೊಳಗಿನ ಓಡಾಟಕ್ಕೂ ಉಳಿಸಿಕೊಂಡು, ಉಳವಿಗೆ ಬಾಡಿಗೆ ಗಾಡಿ ಗೊತ್ತುಮಾಡಿದರೂ ದೊಡ್ಡ ಗಾಡಿಯ ಖರ್ಚಿಗಿಂತ ಕಡಮೆಯೇ ಆಗುತ್ತದೆ. ಎರಡನ್ನು ನಿಲ್ಲಿಸಲು ಅಂಗಳವಿಲ್ಲದವರು, ವಾರವಾರವೂ ಏಳು ಜನ ಹೆದ್ದಾರಿಯಲ್ಲಿ ಹೋಗಬೇಕಾದವರು ಸ್ಕಾರ್ಪಿಯೋ-ಎನ್ ಕೊಂಡರೆ ನಮ್ಮ ಆಕ್ಷೇಪವಿಲ್ಲ. ಮೇಲಿನ ದರ್ಜೆಯದನ್ನು ಕೊಳ್ಳಲಿ, ಕೊಳ್ಳುವ ಮೊದಲು ಮನೆಯ ಗೇಟನ್ನು ಅಳೆಯಲಿ. ನೆರೆಮನೆಯಲ್ಲಿ ದೊಡ್ಡದು ಬಂದಿತೆಂಬ ಕಾರಣಕ್ಕೆ ಕೊಳ್ಳುವವರಿಗೆ ನಮ್ಮ ಸಲಹೆ ಬೇಕಾಗಿಯೂ ಇಲ್ಲ.

ಹಳೆಯದನ್ನು ಉಳಿಸಿಕೊಳ್ಳುವವರು ನವೀಕರಣದ ಅರ್ಜಿಯನ್ನು ಅವಧಿ ತೀರುವ ಅರವತ್ತು ದಿನಗಳೊಳಗೆ ಸಾರಿಗೆ ಕಛೇರಿಗೆ ಸಲ್ಲಿಸತಕ್ಕದ್ದು. ತಡವಾದರೆ ತಿಂಗಳಿಗೆ ೫೦೦ ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅದಕ್ಕೂ ಮೊದಲು ಒಳ್ಳೆಯ ಮೇಸ್ತ್ರಿಯಿಂದ ಬ್ರೇಕು, ಸ್ಟಿಯರಿಂಗು, ಟಯರುಗಳನ್ನು ತೋರಿಸಿ, ಚಾಸಿಯ ಕೆಳಗೆ ತುಕ್ಕು ಹಿಡಿದಿದೆಯೇ ಎಂದು ಗಾಡಿಯನ್ನು ಎತ್ತಿಸಿ ನೋಡಿಸಬೇಕು. ತುಕ್ಕು ಒಳಗಿಳಿದಿದ್ದರೆ ಆ ಗಾಡಿಯನ್ನು ಹೊಲಕ್ಕೂ ಒಯ್ಯುವುದು ಬೇಡ.