ಸ್ವೆಟರ್ ಆಮೇಲೆ, ಮೊದಲು ಕಿವಿಪಟ್ಟಿ

ಚಳಿಗಾಲದ ನಸುಕಿನಲ್ಲಿ ಡೇರಿಗೆ ಹಾಲು ಹಾಕಲು ಹೋಗುವವರನ್ನು ನೋಡಿ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಕಿವಿಯಿಂದ ಜಾರುವ ಟವೆಲ್ಲು. ರಾತ್ರಿ ಕರೆಂಟ್ ಬಂದಾಗ ಮೋಟರ್ ಹಾಕಲು ಹೊಲಕ್ಕೆ ಹೋಗುವವರದೂ ಇದೇ ಕಥೆ. ಇವರಿಗೆ ಬೇಕಿರುವುದು ನಾಲ್ಕು ಇಂಚು ಅಗಲದ ಒಂದು ಉಲ್ಲನ್ ಪಟ್ಟಿ. ಹೆಣಿಗೆ ಕಲಿಯುವವರು ಶುರು ಮಾಡಬೇಕಾದದ್ದೂ ಅದರಿಂದಲೇ ಎನ್ನುವುದು ನಮ್ಮ ಅಭಿಪ್ರಾಯ.

ಆದರೆ ನಡೆಯುತ್ತಿರುವುದು ಬೇರೆ. ಕಳೆದ ಚಳಿಗಾಲದಲ್ಲಿ ಪಕ್ಕದ ಊರಿನ ಮಹಿಳಾ ಸಂಘದವರಿಗೆ ಐದು ದಿನದ ಹೆಣಿಗೆ ತರಬೇತಿ ಇತ್ತು. ಮೊದಲ ದಿನವೇ ಮಗುವಿನ ಸ್ವೆಟರ್ ಹಿಡಿಸಿದರು. ಬೆನ್ನು, ಎದೆ, ತೋಳು, ಕುತ್ತಿಗೆ ಎಲ್ಲವೂ ಒಟ್ಟಿಗೆ ಬಂತು. ಐದನೇ ದಿನ ಸರ್ಟಿಫಿಕೇಟ್, ಗ್ರೂಪ್ ಫೋಟೊ. ಯುಗಾದಿ ಹೊತ್ತಿಗೆ ಹೋಗಿ ವಿಚಾರಿಸಿದರೆ ಒಬ್ಬರ ಸ್ವೆಟರೂ ಮುಗಿದಿರಲಿಲ್ಲ. ಕಡ್ಡಿ ಸಮೇತ ಟ್ರಂಕು ಸೇರಿದ್ದವು. "ನಮ್ಮ ಕೈಗೆ ಹತ್ತಲಿಲ್ಲ ಬಿಡ್ರಿ" ಅಂದರು ಒಬ್ಬ ಅಕ್ಕ. ತಪ್ಪು ಅವರ ಕೈಯದಲ್ಲ, ಕಲಿಸಿದ ಕ್ರಮದ್ದು.

ಮಾತಾಡಿದರೆ ಸಾಲದು ಅಂತ ನಾವೂ ಕಡ್ಡಿ ಹಿಡಿದೆವು, ಹುಡುಗರು ಹುಡುಗಿಯರು ಇಬ್ಬರೂ. ನಮ್ಮಲ್ಲೊಬ್ಬನ ದೊಡ್ಡಮ್ಮ ಕಲಿಸಿದರು. ಲೆಕ್ಕ ಸುಲಭ: ಮಧ್ಯಮ ದಪ್ಪದ 50 ಗ್ರಾಂ ಉಲ್ಲನ್, 8ನೇ ನಂಬರಿನ ಕಡ್ಡಿ, ಅಂದರೆ 4 ಮಿ.ಮೀ. ದಪ್ಪದ್ದು. ಬಣ್ಣ ತಿಳಿಯದಿರಲಿ; ಕಪ್ಪು ದಾರದಲ್ಲಿ ಕುಣಿಕೆ ಕಾಣುವುದಿಲ್ಲ. ಕಡ್ಡಿಗೆ 20 ಕುಣಿಕೆ ಹಾಕಿದರೆ ಸುಮಾರು ನಾಲ್ಕು ಇಂಚು ಅಗಲ ಬರುತ್ತದೆ. ಆಮೇಲೆ ಪ್ರತಿ ಸಾಲೂ ಸೀದಾ ಹೆಣಿಗೆಯೇ, ಉಲ್ಟಾ ಬೇಡ. ಹೀಗೆ ಹೆಣೆದರೆ ಎರಡೂ ಬದಿಗೆ ಒಂದೇ ತರಹದ ಗೆರೆ ಏಳುತ್ತವೆ, ಅಂಚು ಸುರುಳಿ ಸುತ್ತುವುದಿಲ್ಲ. ತಲೆಯ ಸುತ್ತಳತೆ 22 ಇಂಚು ಇದ್ದರೆ 20 ಇಂಚಿಗೆ ನಿಲ್ಲಿಸಿ, ಹೆಣಿಗೆ ಹಿಗ್ಗುತ್ತದೆ. ಕುಣಿಕೆ ಮುಚ್ಚಿ, ಎರಡು ತುದಿ ಸೇರಿಸಿ ದೊಡ್ಡ ಕಣ್ಣಿನ ಸೂಜಿಯಲ್ಲಿ ಹೊಲಿದರೆ ಮುಗಿಯಿತು.

ಎಡವಿದ್ದೂ ಉಂಟು. ಎರಡನೇ ಸಂಜೆಗೆ ಒಬ್ಬನ 20 ಕುಣಿಕೆ 27 ಆಗಿತ್ತು, ಪಟ್ಟಿ ಮೊರದ ಹಾಗೆ ಅಗಲವಾಗುತ್ತಿತ್ತು. ಸಾಲು ಶುರು ಮಾಡುವಾಗ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ. ಹೊಸಬರು ಎರಡನ್ನೂ ಹೆಣೆದುಬಿಡುತ್ತಾರೆ. ದೊಡ್ಡಮ್ಮ ನಕ್ಕು ಕಡ್ಡಿ ತೆಗೆದು ಅಷ್ಟೂ ಬಿಚ್ಚಿದರು. "ಪ್ರತಿ ಸಾಲು ಮುಗಿದ ಮೇಲೆ ಎಣಿಸೋ" ಅಂದರು. ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹೋಯಿತು. ಹೆಣಿಗೆ ಬಿಚ್ಚಿದರೆ ಮತ್ತೆ ದಾರ ಸಿಗುತ್ತದೆ. ಸಣ್ಣ ಪಟ್ಟಿಯಲ್ಲಿ ಬಿಚ್ಚಿದರೆ ಹೋಗುವುದು ಒಂದು ಸಂಜೆ. ಸ್ವೆಟರಿನಲ್ಲಾದರೆ ಒಂದು ವಾರದ ಕೆಲಸ, ಜೊತೆಗೆ ಕಲಿಯುವ ಮನಸ್ಸೂ.

ಸಂತೆಯಲ್ಲಿ ಅಗ್ಗಕ್ಕೆ ಸಿಗುವುದನ್ನು ಕೂತು ಹೆಣೆಯೋದು ಯಾಕೆ ಅಂತ ಕೇಳಬಹುದು. ನಿಜ, ಮಷಿನ್ ಮಾಲಿನ ಬೆಲೆಗೆ ಕೈಕೆಲಸ ನಿಲ್ಲುವುದಿಲ್ಲ. ನಮಗೆ ಒಂದು ಪಟ್ಟಿಗೆ ಆರು ಸಂಜೆ ಹಿಡಿಯಿತು. ಕೂಲಿ ಲೆಕ್ಕ ಹಾಕಿದರೆ ನಷ್ಟವೇ. ಅದಕ್ಕೇ ಹೇಳುವುದು, ಕಲಿತ ತಿಂಗಳಿಗೇ ಮನೆಯಲ್ಲೇ ಕೂತು ಸಂಪಾದಿಸಬಹುದು ಅಂತ ಹೆಣ್ಣುಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಆ ಮಾತು ಸುಳ್ಳಾದಾಗ ಅವರು ಬೈದುಕೊಳ್ಳುವುದು ತಮ್ಮನ್ನೇ. ಮೊದಲು ಒಂದು ವಸ್ತು ಪೂರ್ತಿ ಮುಗಿಸಲಿ, ಮನೆಯವರು ಅದನ್ನು ಹಾಕಿಕೊಳ್ಳಲಿ. ಮಾರುವ ಮಾತು, ಸ್ವೆಟರಿನ ಮಾತು ಆಮೇಲೆ.

ಒಂದು ಎಚ್ಚರಿಕೆ: ಅಂಗಡಿಯ ಅಗ್ಗದ ಉಲ್ಲನ್ ಬಹುಪಾಲು ಅಕ್ರಿಲಿಕ್. ಒಗೆಯಲು ಸುಲಭ, ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆ ಮುಂದೆ ಕೂರುವಾಗ ತೆಗೆದಿಡಿ.

ತರಬೇತಿ ಕೊಡುವವರಲ್ಲಿ ನಮ್ಮ ಕೋರಿಕೆ ಇಷ್ಟೇ. ಎಷ್ಟು ಜನ ಬಂದರು, ಎಷ್ಟು ಸರ್ಟಿಫಿಕೇಟ್ ಕೊಟ್ಟೆವು ಅಂತ ಬರೆದುಕೊಳ್ಳುವ ಜಾಗದಲ್ಲಿ, ಎಷ್ಟು ಜನ ಕೆಲಸ ಮುಗಿಸಿದರು ಅಂತಲೂ ಬರೆಯಿರಿ. ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಬನ್ನಿ.

ಆ 27 ಕುಣಿಕೆಯವನ ಪಟ್ಟಿಯ ಅಂಚು ಈಗಲೂ ಸೊಟ್ಟಗಿದೆ. ಅವನ ಅಪ್ಪ ದಿನಾ ಬೆಳಗ್ಗೆ ಅದನ್ನೇ ಕಟ್ಟಿಕೊಂಡು ಡೇರಿಗೆ ಹೋಗುತ್ತಾರೆ.