ಸಮಿತಿ ವರದಿ ಬಂತು, ನೆಲದ ಬೆಲೆ ಎಲ್ಲಿ?



ಬಿ.ಟಿ.ಎಂ. ಲೇಔಟ್ ಎಂಬ ಮೂರಕ್ಷರದ ಅರ್ಥ ಏನು ಅಂತ ಅಲ್ಲೇ ಮನೆ ಮಾಡಿಕೊಂಡಿರುವವರನ್ನು ಕೇಳಿ ನೋಡಿ. ಬಹಳ ಜನಕ್ಕೆ ಗೊತ್ತಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ: ಮೂರೂ ಒಕ್ಕಲು ಮಕ್ಕಳ ಊರು. ಜಯನಗರಕ್ಕೆ 1948ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದರು. ಆಮೇಲೆ ಜೆ.ಪಿ. ನಗರ ಬಂತು, ಬನಶಂಕರಿ ಒಂದನೇ ಹಂತ ಎರಡನೇ ಹಂತ ಅಂತ ಶುರುವಾಗಿ ಆರನೇ ಹಂತದ ಹೊತ್ತಿಗೆ ತಲಘಟ್ಟಪುರದ ಬಾಗಿಲಿಗೆ ಬಂದು ನಿಂತಿತು. ಸಾರಕ್ಕಿ, ಯಡಿಯೂರು, ಕದಿರೇನಹಳ್ಳಿ ಈಗ ಬಸ್ ಸ್ಟಾಪಿನ ಹೆಸರು. ರಾಗಿ ಬೆಳೆದ ನೆಲ ಬಿಟ್ಟುಕೊಟ್ಟ ಒಬ್ಬ ಸಾಮಾನ್ಯ ರೈತನ ಹೆಸರು ಆ ಬಡಾವಣೆಗಳ ಯಾವುದಾದರೂ ಅಡ್ಡರಸ್ತೆಗೆ ಇದ್ದರೆ ನನಗೆ ತೋರಿಸಿ, ಬಂದು ಕೈ ಮುಗಿದು ಹೋಗ್ತೀನಿ.

ಈ ನೆಲಕ್ಕೆಲ್ಲ ಬೆಲೆ ಕಟ್ಟಿದ್ದು ಕಾನೂನು. ಕಾನೂನು ಆಗುವ ಮೊದಲು ಅದನ್ನು ಜರಡಿ ಹಿಡಿಯಬೇಕಾದ ಜಾಗ ಸಮಿತಿ. ದೆಹಲಿಯಲ್ಲಿ ಸಂಸದೀಯ ಸ್ಥಾಯಿ ಸಮಿತಿ, ಇಲ್ಲಿ ವಿಧಾನಸೌಧದಲ್ಲಿ ಸದನ ಸಮಿತಿ, ಜಂಟಿ ಸದನ ಸಮಿತಿ, ಆಯ್ಕೆ ಸಮಿತಿ. ಈ ಮಾತು ಪೇಪರಿನಲ್ಲಿ ಬಂದರೆ ನಾವು ಪುಟ ಮಗುಚಿ ಟೊಮೆಟೊ ಧಾರಣೆ ನೋಡ್ತೀವಿ. ನಮ್ಮ ಜುಟ್ಟು ಯಾರ ಕೈಲಿದೆ ಅಂತ ತಿಳಿಯಬೇಕಾದರೆ ಆ ಪುಟವನ್ನೂ ಓದಬೇಕು.

ದೆಹಲಿಯ ವ್ಯವಸ್ಥೆ ಹೀಗಿದೆ. 1993ರಿಂದ ಒಂದೊಂದು ಇಲಾಖೆಯ ಮೇಲೆ ಕಣ್ಣಿಡುವುದಕ್ಕೆ ಒಂದೊಂದು ಸಮಿತಿ. ಮೊದಲು 17 ಇದ್ದವು, 2004ರಿಂದ 24. ಒಂದೊಂದರಲ್ಲಿ 31 ಜನ: ಲೋಕಸಭೆಯವರು 21, ರಾಜ್ಯಸಭೆಯವರು 10. ಮಂತ್ರಿಯಾದವನು ಅದರಲ್ಲಿ ಇರುವ ಹಾಗಿಲ್ಲ. ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನೇ ಎದುರಿಗೆ ಕೂರಿಸಿ ಲೆಕ್ಕ ಕೇಳಬಹುದು, ಹೊರಗಿನವರಿಂದ ಮನವಿ ತರಿಸಿಕೊಳ್ಳಬಹುದು, ಸಾಕ್ಷ್ಯ ಪಡೆಯಬಹುದು. ಕೊನೆಗೆ ಒಂದು ವರದಿ ಬರೆಯುತ್ತದೆ. ಆ ವರದಿಯನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಏನು ಮಾಡಿದೆವು, ಯಾಕೆ ಮಾಡಲಿಲ್ಲ ಅಂತ ಮೂರು ತಿಂಗಳಲ್ಲಿ ಉತ್ತರ ಕೊಟ್ಟರೆ ಮುಗಿಯಿತು. ಹಲ್ಲಿಲ್ಲದ ನಾಯಿ ಅಂತೀರಾ? ಹಲ್ಲಿಲ್ಲ ನಿಜ. ಬೊಗಳುವುದಕ್ಕಾದರೂ ಬಿಟ್ಟಾಗ ಏನಾಗುತ್ತೆ, ಬಾಯಿ ಕಟ್ಟಿದಾಗ ಏನಾಗುತ್ತೆ, ಎರಡನ್ನೂ ಹೇಳ್ತೀನಿ.

ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ ನಮ್ಮ ತಲೆಯ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಕೂತಿತ್ತು. ಹೊಸ ಮಸೂದೆ 2011ರಲ್ಲಿ ಬಂದು ಸುಮಿತ್ರಾ ಮಹಾಜನ್ ಅಧ್ಯಕ್ಷರಾಗಿದ್ದ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಗೆ ಹೋಯಿತು. ಖಾಸಗಿ ಕಂಪನಿಗೋಸ್ಕರ ಸರ್ಕಾರ ರೈತನ ನೆಲ ಕಸಿಯುವುದೇ ಬೇಡ ಅಂತ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಆ ಮಾತನ್ನು ಸರ್ಕಾರ ನುಂಗಿಕೊಂಡಿತು. ಆದರೂ 2013ರಲ್ಲಿ ಆದ ಕಾಯ್ದೆಯಲ್ಲಿ ರೈತನ ಒಪ್ಪಿಗೆ ಎಂಬ ಮಾತು ಬಂತು, ಹಳ್ಳಿಯ ನೆಲಕ್ಕೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ ಎಂಬ ಲೆಕ್ಕ ಬಂತು. 2014ರ ಡಿಸೆಂಬರ್ ಕೊನೆಗೆ ಹೊಸ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಐದು ಬಗೆಯ ಯೋಜನೆಗೆ ಒಪ್ಪಿಗೆ ಬೇಡ ಅಂದಿತು. ಗಲಾಟೆ ಎದ್ದ ಮೇಲೆ ಆ ಮಸೂದೆ ಜಂಟಿ ಸಮಿತಿಗೆ ಹೋಯಿತು. ಆಳುವ ಪಕ್ಷದ ಸದಸ್ಯರೇ ರೈತನ ಒಪ್ಪಿಗೆಯನ್ನು ಮತ್ತೆ ಸೇರಿಸುವ ತಿದ್ದುಪಡಿ ತಂದರು. 2015ರ ಆಗಸ್ಟ್ 31ಕ್ಕೆ ಸುಗ್ರೀವಾಜ್ಞೆ ತಾನಾಗಿ ಬಿದ್ದುಹೋಯಿತು. ಬೀದಿಯಲ್ಲಿ ರೈತ ನಿಂತಿದ್ದ, ಒಳಗೆ ಸಮಿತಿ ಕೂತಿತ್ತು. ಎರಡೂ ಬೇಕಾಯಿತು.

ಇನ್ನು ಬಾಯಿ ಕಟ್ಟಿದ ಕತೆ. 2020ರ ಜೂನ್‌ನಲ್ಲಿ, ಊರೆಲ್ಲ ಕೊರೊನಾ ಅಂತ ಬಾಗಿಲು ಹಾಕಿಕೊಂಡಿದ್ದಾಗ, ಮೂರು ಕೃಷಿ ಸುಗ್ರೀವಾಜ್ಞೆ ಬಂದವು. ಸೆಪ್ಟೆಂಬರಿನಲ್ಲಿ ಮಸೂದೆ. ಯಾವ ಸಮಿತಿಗೂ ಕಳಿಸಲಿಲ್ಲ. ರಾಜ್ಯಸಭೆಯಲ್ಲಿ ಮತ ಎಣಿಸಿ ಎಂದು ವಿರೋಧ ಪಕ್ಷದವರು ಕೂಗುತ್ತಿದ್ದಂತೆಯೇ ಧ್ವನಿಮತದಲ್ಲಿ ಪಾಸು. ಸಮಿತಿಯ ಕೋಣೆಯಲ್ಲಿ ನಾಲ್ಕು ತಿಂಗಳು ಕೇಳಿಸಿಕೊಳ್ಳಬೇಕಾದ ಮಾತನ್ನು ದೆಹಲಿಯ ಗಡಿಯಲ್ಲಿ ಒಂದು ವರ್ಷ ಚಳಿ ಮಳೆಯಲ್ಲಿ ಕೂತು ಹೇಳಬೇಕಾಯಿತು. 2021ರ ನವೆಂಬರಿನಲ್ಲಿ ವಾಪಸು ತೆಗೆದುಕೊಂಡರು, ಆಗಲೂ ಚರ್ಚೆ ಇಲ್ಲ! ತರುವಾಗ ಕೇಳಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ. 2009ರಿಂದ 2014ರ ಲೋಕಸಭೆಯಲ್ಲಿ ನೂರಕ್ಕೆ ಸುಮಾರು 71 ಮಸೂದೆ ಸಮಿತಿಗೆ ಹೋಗ್ತಿದ್ದವು. 2019ರಿಂದ 2024ರದ್ದರಲ್ಲಿ ಅದು ಸುಮಾರು 16ಕ್ಕೆ ಇಳಿದಿದೆ.

ಸಮಿತಿ ಅಂದಕೂಡಲೇ ನಮ್ಮ ಪರ ಅಂತ ತಿಳಿಯಬೇಡಿ. ಅದೇ ಮೂರರಲ್ಲಿ ಒಂದಾದ ಅಗತ್ಯ ವಸ್ತುಗಳ ತಿದ್ದುಪಡಿಯನ್ನು ಜಾರಿ ಮಾಡಿ ಅಂತ 2021ರ ಮಾರ್ಚಿನಲ್ಲಿ ಆಹಾರ ಇಲಾಖೆಯ ಸ್ಥಾಯಿ ಸಮಿತಿಯೇ ವರದಿ ಕೊಟ್ಟಿತು. ನಾವು ಒಪ್ಪಿಯೇ ಇರಲಿಲ್ಲ ಅಂತ ವಿರೋಧ ಪಕ್ಷದ ಸದಸ್ಯರು ಆಮೇಲೆ ಬೊಬ್ಬೆ ಹಾಕಿದರು. ಒಳಗೆ ಕೂತವನು ಎದ್ದು ಹೋದರೆ ಉಳಿದವನು ಬರೆದದ್ದೇ ವರದಿ.

ಈಗ ನಮ್ಮ ವಿಧಾನಸೌಧಕ್ಕೆ ಬನ್ನಿ. ಬೆಂಗಳೂರು ದಕ್ಷಿಣ ತಾಲ್ಲೂಕಿನವರಿಗೆ ನೈಸ್ ರಸ್ತೆ ಗೊತ್ತಿಲ್ಲದೆ ಇಲ್ಲ. ಬೆಂಗಳೂರು ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಅಂತ 1997ರ ಏಪ್ರಿಲಿನಲ್ಲಿ ಚೌಕಟ್ಟು ಒಪ್ಪಂದ ಆಯಿತು. ಕೊಡಬೇಕೆಂದು ಬರೆದ ನೆಲ 20,193 ಎಕರೆ. ಅದರಲ್ಲಿ 13,194 ಎಕರೆ ರೈತರದು ಮತ್ತು ಖಾಸಗಿಯವರದು, 6,999 ಎಕರೆ ಸರ್ಕಾರದ್ದು. ನೆಲ ಹಿಡಿದದ್ದು ಕೆ.ಐ.ಎ.ಡಿ.ಬಿ., 1966ರ ಕಾಯ್ದೆಯ ಕೆಳಗೆ. ಸುಂಕ ಕೊಟ್ಟು ಓಡಾಡುವ ಹೊರವರ್ತುಲ ರಸ್ತೆ ಆಯಿತು, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ ದಾಟಿ ಹೋಗುತ್ತೆ. ಮೈಸೂರಿಗೆ ಹೋಗಬೇಕಿದ್ದ ಎಕ್ಸ್‌ಪ್ರೆಸ್ ರಸ್ತೆ ಎಲ್ಲಿ? ಕಾಗದದಲ್ಲಿ.

ಇದನ್ನು ತನಿಖೆ ಮಾಡಲು 2014ರಲ್ಲಿ ಟಿ.ಬಿ. ಜಯಚಂದ್ರರ ಅಧ್ಯಕ್ಷತೆಯಲ್ಲಿ ಸದನ ಸಮಿತಿ ಆಯಿತು. ಗಮನಿಸಿ, ಅವರು ಆಗ ಕಾನೂನು ಮಂತ್ರಿ. ದೆಹಲಿಯ ಸ್ಥಾಯಿ ಸಮಿತಿಯಲ್ಲಿ ಮಂತ್ರಿ ಸದಸ್ಯ ಕೂಡ ಆಗುವಂತಿಲ್ಲ, ನಮ್ಮಲ್ಲಿ ಮಂತ್ರಿಯೇ ಅಧ್ಯಕ್ಷ. ಆದರೂ ಅನ್ಯಾಯವಾಗಿ ಹೇಳಬಾರದು, ಆ ಸಮಿತಿ ಕಾಗದ ಪತ್ರ ತೆಗೆಸಿ ನೋಡಿತು. ಒಪ್ಪಂದ ಮೀರಲಾಗಿದೆ, ಹೆಚ್ಚುವರಿ ನೆಲ ವಾಪಸು ಪಡೆಯಿರಿ, ಕೇಂದ್ರದ ಸಂಸ್ಥೆಗಳಿಂದ ತನಿಖೆ ಆಗಲಿ ಅಂತ 2016ರ ಡಿಸೆಂಬರಿನಲ್ಲಿ ವರದಿ ಮಂಡಿಸಿತು. ಆ ಮೇಲೆ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರು, ಎಣಿಸಿ. ಮೂರೂ ಪಕ್ಷದವರು ಆ ಕುರ್ಚಿಯಲ್ಲಿ ಕೂತರು. ವಿರೋಧ ಪಕ್ಷದಲ್ಲಿದ್ದಾಗ ವರದಿ ಓದಿ ಗುಡುಗುವುದು, ಗದ್ದುಗೆ ಏರಿದ ಮೇಲೆ ಕಾನೂನು ಸಲಹೆ ಕೇಳ್ತಿದ್ದೀವಿ ಅನ್ನುವುದು. ಇದೇನು ಹೊಸ ನಾಟಕವೇ? ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿಯವರ ಜಂಟಿ ಸದನ ಸಮಿತಿ 2007ರಲ್ಲೇ ಊರೂರು ಸುತ್ತಿ, ಸರ್ವೆ ನಂಬರ್ ಹಿಡಿದು ವರದಿ ಕೊಟ್ಟಿತು. ಭೂಕಬಳಿಕೆ ಕೇಸು ನಡೆಸುವ ವಿಶೇಷ ನ್ಯಾಯಾಲಯ ಬಾಗಿಲು ತೆರೆದದ್ದು 2016ರಲ್ಲಿ! ಅಷ್ಟರೊಳಗೆ ಎಷ್ಟು ಗೋಮಾಳದ ಮೇಲೆ ಎಷ್ಟು ಅಂತಸ್ತು ಎದ್ದವೋ.

ವರದಿ ಕಪಾಟಿನಲ್ಲಿದ್ದರೆ ನೆಲ ಕಳೆದುಕೊಂಡವನ ಗತಿ ಏನು? ಗೊಟ್ಟಿಗೆರೆಯ ನಿವೇಶನಗಳ ಕೇಸು ನೋಡಿ. ಈ ಕಾರಿಡಾರಿಗೆಂದೇ 2003ರಲ್ಲಿ ಅಧಿಸೂಚನೆ, 2005ರಲ್ಲಿ ಸ್ವಾಧೀನ. ಪರಿಹಾರದ ಅವಾರ್ಡ್ ಆದದ್ದು 2019ರಲ್ಲಿ, ಅದೂ 2011ರ ಬೆಲೆಗೆ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು ಇದು ಸರಿಯಲ್ಲ, 2019ರ ಏಪ್ರಿಲಿನ ಮಾರುಕಟ್ಟೆ ಬೆಲೆ ಕಟ್ಟಿಕೊಡಿ ಅಂತ ಹೇಳಿತು. ಇಪ್ಪತ್ತೆರಡು ವರ್ಷ! ಅವರು ದೆಹಲಿಯ ವಕೀಲರ ತನಕ ಹೋಗುವ ಶಕ್ತಿ ಇದ್ದ ನಿವೇಶನದಾರರು. ಎರಡೆಕರೆ ರಾಗಿ ಹೊಲದವನು ಅಷ್ಟು ವರ್ಷ ಸೊಸೈಟಿ ಸಾಲ, ಕೈಸಾಲ, ಮಗಳ ಮದುವೆ ಸಾಲದ ಬಡ್ಡಿ ಯಾವ ದುಡ್ಡಿನಲ್ಲಿ ಕಟ್ಟಬೇಕು? ಸರ್ಕಾರ ಅವನಿಗೆ ಕೊಡಬೇಕಾದ ಬಾಕಿಗೆ ಜಪ್ತಿ ನೋಟೀಸು ಇಲ್ಲ. ಅವನು ಬ್ಯಾಂಕಿಗೆ ಕೊಡಬೇಕಾದ ಬಾಕಿಗೆ ಮಾತ್ರ ಇದೆ.

2013ರ ಕಾಯ್ದೆಯ ನಾಲ್ಕು ಪಟ್ಟು ಇದೆಯಲ್ಲ ಅಂತೀರಿ. ಬಿ.ಡಿ.ಎ. ಹಿಡಿಯುವ ನೆಲಕ್ಕೆ ಅದು ಅನ್ವಯಿಸುವುದಿಲ್ಲ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಯಾಕೆಂದರೆ 1976ರ ಬಿ.ಡಿ.ಎ. ಕಾಯ್ದೆ ಬೇರೆಯೇ ನಿಂತಿದೆ. ಸಂಸತ್ತಿನ ಸಮಿತಿ ಜರಡಿ ಹಿಡಿದು ಕೊಟ್ಟ ಬೆಲೆ ಬೆಂಗಳೂರಿನ ಸುತ್ತ ಬಿ.ಡಿ.ಎ. ಮುಟ್ಟಿದ ಹೊಲಕ್ಕೆ ಬರುವುದಿಲ್ಲ. ಇದನ್ನು ತಿದ್ದುವ ಅಧಿಕಾರ ದೆಹಲಿಗೆ ಹೋಗಿ ಕೇಳಬೇಕಾಗಿಲ್ಲ, ನಮ್ಮ ಶಾಸಕರ ಕೈಯಲ್ಲೇ ಇದೆ.

ಆ ಶಾಸಕರು ಸಮಿತಿಯನ್ನು ಹೇಗೆ ಬಳಸ್ತಾರೆ ಅನ್ನುವುದಕ್ಕೆ ಇನ್ನೊಂದು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಿತ್ತುಹಾಕಿ, ನೇಗಿಲು ಮುಟ್ಟದವನೂ ಕೃಷಿಭೂಮಿ ಕೊಳ್ಳುವ ಹಾಗೆ ಮಾಡಿದರು. ಮೊದಲು ಸುಗ್ರೀವಾಜ್ಞೆ, ಆಮೇಲೆ ಸದನದಲ್ಲಿ ಪಾಸು. ಎ.ಪಿ.ಎಂ.ಸಿ. ತಿದ್ದುಪಡಿಯದೂ ಅದೇ ಹಾದಿ. 2023ರ ಜುಲೈನಲ್ಲಿ ಹೊಸ ಸರ್ಕಾರ ಆ ಎ.ಪಿ.ಎಂ.ಸಿ. ತಿದ್ದುಪಡಿ ರದ್ದು ಮಾಡಲು ಮಸೂದೆ ತಂದಾಗ ಮೇಲ್ಮನೆಯಲ್ಲಿ ವಿರೋಧ ಪಕ್ಷಗಳು ಹಠ ಹಿಡಿದು ಆಯ್ಕೆ ಸಮಿತಿಗೆ ಕಳಿಸಿದವು. ಕೂಲಂಕಷ ಪರಿಶೀಲನೆ ಆಗಬೇಕಂತೆ! ಆ ಜ್ಞಾನೋದಯ 2020ರಲ್ಲಿ ಎಲ್ಲಿ ಹೋಗಿತ್ತು? ಕೇರಳದಲ್ಲಿ 1980ರಿಂದಲೇ ವಿಷಯವಾರು ಸಮಿತಿಗಳಿವೆ, ಮಸೂದೆ ಅಲ್ಲಿಗೆ ಹೋಗುವುದು ಅಲ್ಲಿ ವಾಡಿಕೆ. ನಮ್ಮಲ್ಲಿ ಅದು ಅಪರೂಪ, ಅಥವಾ ಜಗಳದ ಆಯುಧ.

ಬೆಲೆಯ ವಿಚಾರ ಒಂದು ಬಾಕಿ ಇದೆ. ಕೃಷಿ ಸ್ಥಾಯಿ ಸಮಿತಿಗೆ 2019ರಿಂದ 2024ರವರೆಗೆ ನಮ್ಮ ಬಾಗಲಕೋಟೆಯ ಪಿ.ಸಿ. ಗದ್ದಿಗೌಡರ್ ಅಧ್ಯಕ್ಷರಾಗಿದ್ದರು. ಎಷ್ಟು ಜನಕ್ಕೆ ಗೊತ್ತಿತ್ತು? ಅವರ ನಂತರ ಬಂದ ಚರಣಜಿತ್ ಸಿಂಗ್ ಚನ್ನಿಯವರ ಸಮಿತಿ 2024ರ ಡಿಸೆಂಬರಿನಲ್ಲಿ ಬೆಂಬಲ ಬೆಲೆಗೆ ಕಾನೂನಿನ ಖಾತರಿ ಕೊಡಿ, ರೈತರ ಮತ್ತು ಕೃಷಿ ಕೂಲಿಗಳ ಸಾಲಮನ್ನಾಕ್ಕೆ ಯೋಜನೆ ತನ್ನಿ, ಕಿಸಾನ್ ಸಮ್ಮಾನ್ ಹಣ 6,000ದಿಂದ 12,000 ಮಾಡಿ ಅಂತ ಬರೆಯಿತು. ಎಲ್ಲ ಪಕ್ಷದವರೂ ಕೂರುವ ಸಮಿತಿಯ ಮಾತು ಇದು, ನಮ್ಮ ಮೆರವಣಿಗೆಯ ಘೋಷಣೆ ಅಂತ ಯಾರೂ ತಳ್ಳಿಹಾಕುವ ಹಾಗಿಲ್ಲ. ನಿಮ್ಮ ಸಂಸದರು ಮುಂದಿನ ಸಲ ಊರಿಗೆ ಬಂದಾಗ ಹಾರ ಹಾಕುವ ಮೊದಲು ಈ ಮೂರು ಶಿಫಾರಸಿನ ಬಗ್ಗೆ ಕೇಳಿ. ಜಯನಗರ, ಬಿ.ಟಿ.ಎಂ.ನವರ ಸಂಸದರು ಬೇರೆ, ತಲಘಟ್ಟಪುರ, ಕಗ್ಗಲೀಪುರದವರ ಸಂಸದರು ಬೇರೆ, ಇಬ್ಬರನ್ನೂ ಕೇಳಿ: ನೀವು ಯಾವ ಸಮಿತಿಯಲ್ಲಿದ್ದೀರಿ, ಎಷ್ಟು ಸಭೆಗೆ ಹೋದಿರಿ, ಒಳಗೆ ಏನು ಮಾತಾಡಿದಿರಿ.

ದೆಹಲಿ ಸಮಿತಿಗಳು ಸಾರ್ವಜನಿಕರ ಅಭಿಪ್ರಾಯ ಕೇಳುವಾಗ ಮನವಿ ಇಂಗ್ಲಿಷಿನಲ್ಲಾದರೂ ಇರಲಿ ಹಿಂದಿಯಲ್ಲಾದರೂ ಇರಲಿ ಅನ್ನುತ್ತವೆ, ವಾಯಿದೆ ಸಾಮಾನ್ಯವಾಗಿ ಹದಿನೈದು ದಿನ. ಕನ್ನಡದಲ್ಲಿ ಬರೆದ ರೈತನ ಕಾಗದಕ್ಕೆ ಅಲ್ಲಿ ಜಾಗ ಆಗಬೇಕು, ವಾಯಿದೆ ಎರಡು ತಿಂಗಳಾಗಬೇಕು. ವಿಧಾನಸೌಧದಲ್ಲಿ ನೆಲ, ಬೆಲೆ, ಸಾಲದ ಯಾವ ಮಸೂದೆಯೂ ಸಮಿತಿ ನೋಡದೆ ಪಾಸಾಗಬಾರದು, ಸದನ ಸಮಿತಿಗೆ ಮಂತ್ರಿ ಅಧ್ಯಕ್ಷನಾಗಬಾರದು, ವರದಿ ಮಂಡಿಸಿದ ಮೂರು ತಿಂಗಳಲ್ಲಿ ಸರ್ಕಾರ ಸದನದಲ್ಲಿ ಉತ್ತರ ಕೊಡಬೇಕು. ಬಿ.ಡಿ.ಎ. ಕಾಯ್ದೆಗೆ 2013ರ ಪರಿಹಾರ ಸೇರಿಸುವ ತಿದ್ದುಪಡಿ ಮುಂದಿನ ಅಧಿವೇಶನದಲ್ಲೇ ಬರಬೇಕು. ಗ್ರಾಮಸಭೆಯಲ್ಲಿ ಈ ನಾಲ್ಕನ್ನು ಠರಾವು ಮಾಡಿ, ಪಂಚಾಯಿತಿ ಸೀಲು ಹಾಕಿಸಿ, ಒಂದು ಪ್ರತಿ ಸಭಾಧ್ಯಕ್ಷರಿಗೆ, ಒಂದು ಪ್ರತಿ ನಿಮ್ಮ ಶಾಸಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.